ಅಚ್ಚು ಎಣಿಸಿದ್ರಿ ಸರಿ, ನಾಣ್ಯ ಎಣಿಸಿದ್ದು ಯಾರು?

ನಮಸ್ಕಾರ. ಪೊಂಟಸ್ ರಾಜ್ಯದ ದೊರೆ ಆರನೇ ಮಿಥ್ರಿಡೇಟಿಸ್ ಕಾಲದಲ್ಲಿ ಕಪ್ಪು ಸಮುದ್ರದ ದಂಡೆಯ ಅಮಿಸೋಸ್‌ನಲ್ಲಿ, ಅಂದ್ರೆ ಈಗಿನ ಟರ್ಕಿಯ ಸಾಮ್ಸುನ್‌ನಲ್ಲಿ, ಎಷ್ಟು ಕಂಚಿನ ನಾಣ್ಯ ಹೊಡೆದಿರಬಹುದು ಅಂತ, ಅಚ್ಚುಗಳನ್ನ (ನಾಣ್ಯದ ಮೇಲೆ ಚಿತ್ರ ಮೂಡಿಸೋ ಕೆತ್ತಿದ ಲೋಹದ ತುಂಡುಗಳನ್ನ) ಉಳಿದ ನಾಣ್ಯಗಳಿಂದ ಗುರುತಿಸಿ ಎಣಿಸಿ, ನೀವು ಬರೆದ ಲೇಖನ ಪೂರ್ತಿ ಓದಿದೆ. ಭಾಷೆ ಚೆನ್ನಾಗಿದೆ. ಅಚ್ಚಿನಲ್ಲಿ ಬಿದ್ದ ಬಿರುಕು ನಾಣ್ಯದಿಂದ ನಾಣ್ಯಕ್ಕೆ ದೊಡ್ಡದಾಗ್ತಾ ಹೋಗೋದನ್ನ ತೋರಿಸಿ ಯಾವುದು ಮೊದಲು ಹೊಡೆದದ್ದು, ಯಾವುದು ಆಮೇಲಿನದು ಅಂತ ಹೇಳಿದ ಭಾಗ ನಿಜವಾಗ್ಲೂ ಇಷ್ಟ ಆಯ್ತು. ಆದ್ರೆ ಎರಡು ಸಾಲು ಓದಿ ಸಿಟ್ಟು ಬಂತು. ಇವತ್ತು ಅವೆರಡರ ಬಗ್ಗೆ ಮಾತ್ರ ಬರೀತೀನಿ.

ಮೊದಲನೇದು ಇದು: "ಒಂದು ಅಚ್ಚಿನಿಂದ 30,000 ನಾಣ್ಯ ಹೊಡೆಯುತ್ತಿದ್ದರು, ಆದ್ದರಿಂದ ಅಚ್ಚುಗಳ ಸಂಖ್ಯೆಯನ್ನು 30,000ದಿಂದ ಗುಣಿಸಿದರೆ ಒಟ್ಟು ಉತ್ಪಾದನೆ ಖಚಿತವಾಗಿ ಸಿಗುತ್ತದೆ."

"ಹೊಡೆಯುತ್ತಿದ್ದರು" ಅಂತೀರಲ್ಲ, ಯಾರು, ಎಲ್ಲಿ, ಯಾವ ಲೋಹ? ಆ 30,000 ಅನ್ನೋದು ನಾಣ್ಯತಜ್ಞ ಮೈಕೆಲ್ ಕ್ರಾಫರ್ಡ್ 1974ರಲ್ಲಿ ರೋಮನ್ ಗಣರಾಜ್ಯದ ನಾಣ್ಯಗಳ ಲೆಕ್ಕಕ್ಕೆ ಮುಂಬದಿ ಅಚ್ಚಿಗೆ ಇಷ್ಟು ಅಂತ ಇಟ್ಕೊಂಡ ಅಂದಾಜು, ಅದೂ ಬೆಳ್ಳಿ ದಿನಾರಿಯಸ್‌ಗೆ. ಸ್ವಲ್ಪ ಗಟ್ಟಿ ಆಧಾರ ಅಂದ್ರೆ ಗ್ರೀಸಿನ ಡೆಲ್ಫಿದು. ಕ್ರಿ.ಪೂ. 336ರ ಸುಮಾರಿಗೆ ಅಲ್ಲಿ ಹಳೇ ಬೆಳ್ಳಿ ಕರಗಿಸಿ ಹೊಸ ನಾಣ್ಯ ಹೊಡೆಸಿದ ಲೆಕ್ಕ ಕಲ್ಲಿನ ಮೇಲೆ ಉಳಿದಿದೆ, ಆ ನಾಣ್ಯಗಳೂ ಒಂದಿಷ್ಟು ಉಳಿದಿವೆ, ಹಾಗಾಗಿ ಫಿಲಿಪ್ ಕಿನ್ಸ್ 1983ರಲ್ಲಿ ಒಟ್ಟು ನಾಣ್ಯವನ್ನ ಅಚ್ಚುಗಳ ಸಂಖ್ಯೆಯಿಂದ ಭಾಗಿಸಿ ನೋಡಿದಾಗ ಒಂದು ಮುಂಬದಿ ಅಚ್ಚಿಗೆ 23,333ರಿಂದ 47,250 ನಾಣ್ಯ ಅಂತ ಬಂತು. ನೋಡಿ, ಲೆಕ್ಕಪತ್ರ ಕೈಯಲ್ಲಿದ್ದೂ ಕೆಳಗಿನ ಸಂಖ್ಯೆಗೂ ಮೇಲಿನ ಸಂಖ್ಯೆಗೂ ಎರಡು ಪಟ್ಟು ಅಂತರ. ಅದನ್ನ ಇನ್ನೂರು ವರ್ಷ ಆಮೇಲಿನ, ಬೇರೆ ಊರಿನ, ಬೇರೆ ಲೋಹದ ನಾಣ್ಯಕ್ಕೆ ಹಚ್ಚಿ "ಖಚಿತವಾಗಿ" ಅಂತೀರಿ!

ನಾಣ್ಯವಾಗಬೇಕಾದ ಲೋಹದ ಬಿಲ್ಲೆಯನ್ನ ಕಾಯಿಸಿ ಹೊಡೆದ್ರಾ ತಣ್ಣಗಿದ್ದಾಗ ಹೊಡೆದ್ರಾ ಅನ್ನೋದರ ಮೇಲೇ ಅಚ್ಚಿನ ಆಯುಸ್ಸು ಬದಲಾಗತ್ತೆ. ಡೇವಿಡ್ ಸೆಲ್‌ವುಡ್ 1963ರಲ್ಲಿ ಹಳೇ ಪದ್ಧತಿಯಲ್ಲೇ ನಾಣ್ಯ ಹೊಡೆದು ಪ್ರಯೋಗ ಮಾಡಿದ್ದೇ ಇಂಥ ಪ್ರಶ್ನೆಗಳಿಗೆ ಅಂತ. ಸುತ್ತಿಗೆ ಏಟು ನೇರ ಬೀಳೋದು ಮೇಲಿನ ಅಚ್ಚಿಗೆ, ಅಂದ್ರೆ ಹಿಂಬದಿಗೆ, ಹಾಗಾಗಿ ಸಾಮಾನ್ಯವಾಗಿ ಅದೇ ಬೇಗ ಹಾಳಾಗೋದು. ನೀವು ಎಣಿಸಿದ್ದು ಯಾವ ಬದಿಯ ಅಚ್ಚು ಅಂತಲೂ ಹೇಳಿಲ್ಲ. ಮೇಲಾಗಿ ಅಚ್ಚು ಒಡೆಯೋವರೆಗೂ ಬಳಸಲೇಬೇಕು ಅಂತ ಏನಿದೆ, ಸೈನ್ಯಕ್ಕೆ ಬೇಕಾದಷ್ಟು ದುಡ್ಡು ಆದ ಕೂಡಲೇ ಟಂಕಸಾಲೆ ಕೆಲಸ ನಿಲ್ಲಿಸಿರಬಹುದು. ನಾಣ್ಯತಜ್ಞ ಥಿಯೊಡೋರ್ ಬಟ್ರಿ 1993ರಲ್ಲಿ ಈ ಗುಣಾಕಾರವನ್ನೇ ತರಾಟೆಗೆ ತಗೊಂಡ್ರು, ಫ್ರಾಂಸ್ವಾ ದ ಕಲತೈ ಎರಡು ವರ್ಷಕ್ಕೆ ಉತ್ತರ ಕೊಟ್ಟು ಪದ್ಧತಿಯನ್ನ ಸಮರ್ಥಿಸಿದ್ರು. ಈ ವಿಷಯದ ಜೀವವೇ ಆ ಜಗಳ. ನಿಮ್ಮ ಲೇಖನದಲ್ಲಿ ಅದರ ಸುಳಿವೇ ಇಲ್ಲ.

ನಾನು ಕೆಲಸ ಕಲಿತದ್ದು ಒಂದು ಜಿಲ್ಲಾ ಪತ್ರಿಕೆಯ ಡೆಸ್ಕಿನಲ್ಲಿ. ಅಲ್ಲೊಬ್ರು ಹಿರಿಯರಿದ್ರು, ಕಾಪಿಯಲ್ಲಿ ಅಂಕಿ ಕಂಡ್ರೆ ಸಾಕು ಪೆನ್ಸಿಲಿನಲ್ಲಿ ಸುತ್ತು ಹಾಕೋರು. ಜಾತ್ರೆ ಸುದ್ದಿ ಬರೋದು, "ಎರಡು ಲಕ್ಷ ಭಕ್ತರು ಸೇರಿದ್ದರು" ಅಂತ. "ಯಾರಪ್ಪಾ ಎಣಿಸಿದ್ದು?" ಅಂತ ಕೇಳೋರು. ದೇವಸ್ಥಾನದವರು ಹೇಳಿದ್ದಾ, ಪೊಲೀಸರು ಹೇಳಿದ್ದಾ, ಬಸ್ಸಿನ ಟಿಕೆಟ್ ಲೆಕ್ಕದಿಂದ ಬಂದದ್ದಾ, ಅದನ್ನ ಸಾಲಿನೊಳಗೇ ಬರೆಸೋರು, ಗೊತ್ತಾಗದಿದ್ರೆ ಅಂಕಿ ತೆಗೆಸಿ "ಭಾರಿ ಜನ" ಅಂತ ಹಾಕಿಸೋರು. ವರದಿಗಾರರು ಗೊಣಗ್ತಿದ್ರು, ನಾನು ಪಕ್ಕದಲ್ಲಿ ಕೂತು ನೋಡ್ತಿದ್ದೆ. ಆ ಅಭ್ಯಾಸ ನನ್ನ ಕೈಗೆ ಹಾಗೇ ಅಂಟಿದೆ, ನಿಮ್ಮ ಲೇಖನದ ನಾಣ್ಯದ ಅಂಕಿಗಳ ಸುತ್ತಲೂ ಈಗ ಅದೇ ಸುತ್ತು ಬಿದ್ದಿದೆ.

ಇನ್ನೊಂದು ಸಾಲು, ಇದು ಮೊದಲಿನದಕ್ಕಿಂತ ಕೆಟ್ಟದ್ದು ಅನ್ನಿಸ್ತು ನನಗೆ: "ಸವೆದು ಗುರುತು ಸಿಗದ ನಾಣ್ಯಗಳನ್ನು ಕೈಬಿಡಲಾಗಿದೆ." ಅಷ್ಟೇ. ಎಷ್ಟು ಬಿಟ್ರಿ? ಕಂಚಿನ ವಿಷಯದಲ್ಲಿ ಕಥೆ ಇರೋದೇ ಇಲ್ಲಿ. ಬೆಳ್ಳಿಯನ್ನ ಜನ ಹೂತಿಟ್ರು, ಚೆನ್ನಾಗಿ ಉಳೀತು. ಕಂಚು ಸಂತೆಯಲ್ಲಿ ಕೈಯಿಂದ ಕೈಗೆ ಹೋಯ್ತು, ಆಮೇಲೆ ಮಣ್ಣಲ್ಲಿ ಕಿಲುಬು ಹಿಡೀತು. ನಿಮ್ಮ ನಾಣ್ಯದ್ದೇ ತಗೊಳ್ಳಿ, ಮುಂಬದಿಯಲ್ಲಿ ಏಜಿಸ್ ಅನ್ನೋ ದೇವತೆಯ ರಕ್ಷಾಕವಚದ ನಡುವೆ ಗೋರ್ಗನ್ ಅನ್ನೋ ಹಾವುಗೂದಲಿನ ರಾಕ್ಷಸಿಯ ಮುಖ, ಹಿಂಬದಿಯಲ್ಲಿ ತಾಳೆಗರಿ ಹಿಡಿದ ವಿಜಯದೇವತೆ ನೈಕಿ, ಊರ ಹೆಸರು. ಅಚ್ಚು ಗುರುತಿಸೋದು ಗರಿಯ ತುದಿ ಯಾವ ಅಕ್ಷರದ ಹತ್ತಿರ ಬಂದಿದೆ ಅನ್ನೋ ಥರದ ಸಣ್ಣ ಅಂತರಗಳಿಂದ, ಅವೇ ಅಳಿಸಿಹೋಗಿದ್ರೆ ಒಂದೇ ಅಚ್ಚಿನ ಎರಡು ನಾಣ್ಯ ಬೇರೆ ಬೇರೆ ಅನ್ನಿಸಿಬಿಡತ್ತೆ.

ಅದರಿಂದ ಏನಾಗತ್ತೆ ನೋಡಿ. ಮೂಲದಲ್ಲಿ ಎಷ್ಟು ಅಚ್ಚು ಇದ್ದಿರಬಹುದು ಅಂತ ಅಂದಾಜಿಸೋ ಗಣಿತಜ್ಞ ವಾರನ್ ಎಸ್ಟಿ ಅವರ ಸರಳ ಸೂತ್ರದಲ್ಲಿ ನಾಣ್ಯಗಳ ಸಂಖ್ಯೆಯನ್ನ ಕಂಡ ಅಚ್ಚುಗಳ ಸಂಖ್ಯೆಯಿಂದ ಗುಣಿಸಿ, ಅವೆರಡರ ವ್ಯತ್ಯಾಸದಿಂದ ಭಾಗಿಸಬೇಕು. ಉದಾಹರಣೆಗೆ 100 ನಾಣ್ಯದಲ್ಲಿ 60 ಅಚ್ಚು ಕಂಡ್ರೆ ಮೂಲದಲ್ಲಿ ಸುಮಾರು 150 ಅಚ್ಚು. ಸವೆದ ನಾಣ್ಯ ನೋಡಿ ಹತ್ತೇ ಹತ್ತು ಕಡೆ ಹಳೇ ಅಚ್ಚನ್ನ ಹೊಸದು ಅಂದ್ಕೊಂಡ್ರೆ 60 ಹೋಗಿ 70 ಆಗತ್ತೆ, ಆಗ ಉತ್ತರ 233. ನಿಮ್ಮ 30,000ದಿಂದ ಗುಣಿಸಿ ನೋಡಿ, 45 ಲಕ್ಷ ಇದ್ದದ್ದು 70 ಲಕ್ಷ! ಬೇಡಪ್ಪ ಅಂತ ಸವೆದವನ್ನ ಪೂರ್ತಿ ಬಿಟ್ರೆ ಇನ್ನೊಂದು ತೊಂದರೆ, ಹೆಚ್ಚು ಸವೆದಿರೋದು ಹೆಚ್ಚು ಕಾಲ ಓಡಾಡಿದ ಮೊದಮೊದಲ ನಾಣ್ಯಗಳೇ ಆಗಿದ್ರೆ ಮೊದಲ ವರ್ಷಗಳ ಅಚ್ಚುಗಳೇ ಲೆಕ್ಕದಿಂದ ಮಾಯ. ಯಾವ ದಾರಿ ಹಿಡಿದ್ರೂ ಓದುಗನಿಗೆ ಹೇಳಿ ಹಿಡೀಬೇಕಿತ್ತು.

ಗುಣಾಕಾರ ಪೂರ್ತಿ ತೆಗೀರಿ. ಅಚ್ಚಿನ ಅಂದಾಜಿಗೇ ನಿಲ್ಲಿ, ಕೆಳಗಿನ ಮಿತಿ ಮೇಲಿನ ಮಿತಿ ಎರಡೂ ಕೊಡಿ. ಆಮೇಲೆ ಅದೇ ಊರಿನ, ಯುದ್ಧದೇವತೆ ಏರೀಸ್ ಮತ್ತು ಕತ್ತಿ ಇರೋ ನಾಣ್ಯದ ಅಚ್ಚುಗಳ ಜೊತೆ ಹೋಲಿಸಿ, ಯಾವುದಕ್ಕೆ ಎಷ್ಟು ಪಟ್ಟು ಹೆಚ್ಚು ಅಚ್ಚು ಬೇಕಾಯ್ತು ಅಂತ ಹೇಳೋಕೆ 30,000 ಬೇಕಾಗೋದೇ ಇಲ್ಲ, ಮಿಥ್ರಿಡೇಟಿಸ್ ರೋಮ್ ಜೊತೆ ಯುದ್ಧಕ್ಕೆ ಹೇಗೆ ದುಡ್ಡು ಹೊಂದಿಸಿದ ಅನ್ನೋ ನಿಮ್ಮ ಪ್ರಶ್ನೆಗೆ ಅದೇ ಹತ್ತಿರದ ದಾರಿ. ಕೈಬಿಟ್ಟ ನಾಣ್ಯಗಳ ಫೋಟೋನೂ ಕಳಿಸಿ, ಎಷ್ಟೇ ಮಸುಕಾಗಿರಲಿ, ಲೇಖನದ ಜೊತೆ ಅವನ್ನೂ ಹಾಕೋಣ.