ಗುಜರಿಯ 486 ಬೋರ್ಡು: ಮೊದಲು ಆ ನೀಲಿ ಬ್ಯಾಟರಿ ಕಿತ್ತು ತಗೀರಿ

ಶಹಾಬಾದದ ಗುಜರಿ ಅಂಗಡ್ಯಾಗ ಸಿಕ್ಕ 486 ಬೋರ್ಡು (ಹಳೇ ಕಂಪ್ಯೂಟರಿನ ಮದರ್‌ಬೋರ್ಡು), ಡಿಸ್‌ಪ್ಲೇ ಬರ್ತದ, ಕೀಬೋರ್ಡ್ ಮಾತ್ರ ಸತ್ತದ ಅಂತ ಕೇಳೀರಿ. ಬಯಾಸ್ (ಕಂಪ್ಯೂಟರ್ ಚಾಲೂ ಮಾಡೋ ಚಿಪ್ಪಿನ ಪ್ರೋಗ್ರಾಂ) ಮ್ಯಾಲೆ ಸಂಶಯ ಬ್ಯಾಡ್ರಿ, ಡಿಸ್‌ಪ್ಲೇ ಬಂತಂದ್ರ ಅದು ಜೀವಂತ ಅದ.

ಕೀಬೋರ್ಡ್ ಸಾಕೆಟ್ ಹತ್ತಿರ ಪೀಪಾಯಿ ಆಕಾರದ 3.6 ವೋಲ್ಟಿನ ನೀಲಿ ಬ್ಯಾಟರಿ ಅದ ಏನ್ರಿ? ಬುಡಕ್ಕ ಹಸಿರು ಬೂಷ್ಟು ಹಿಡದಿದ್ರ ಕಳ್ಳ ಸಿಕ್ಕಂಗ. ಈ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿದ್ರ ಬರೋದು ಆಸಿಡ್ ಅಲ್ಲ, ಕ್ಷಾರ. ಅದಕ್ಕ ಸೋಡಾಪುಡಿ ಹಾಕಬ್ಯಾಡ್ರಿ. ಬ್ಯಾಟರಿ ಕಿತ್ತು ತಗದು, ವಿನೆಗರ್ ಇಲ್ಲಾ ನಿಂಬಿರಸ ಹಚ್ಚಿ, ಹಳೇ ಹಲ್ಲುಜ್ಜೋ ಬ್ರಷ್‌ಲೆ ತಿಕ್ಕಿ, ನೀರಿಲೆ ತೊಳೀರಿ. ಕಲಬುರಗಿ ಬಿಸಿಲು ಪುಕ್ಕಟೆ ಸಿಗ್ತದ ಅಂತ ಮಾಳಿಗಿ ಮ್ಯಾಲೆ ಒಣಹಾಕಬ್ಯಾಡ್ರಿ ಮತ್ತ, ಫ್ಯಾನಿನ ಗಾಳಿ ಸಾಕು.

ಆಮ್ಯಾಲೆ ಮಲ್ಟಿಮೀಟರ್ ಬೀಪ್‌ಗೆ ಇಟ್ಟು ಸಾಕೆಟ್‌ನಿಂದ ಕೀಬೋರ್ಡ್ ಕಂಟ್ರೋಲರ್ ಚಿಪ್ ತನಕ ಬೋರ್ಡಿನ ಮ್ಯಾಲಿನ ಒಂದೊಂದೇ ತಾಮ್ರದ ಗೆರಿ ನೋಡ್ರಿ, ಬೀಪ್ ಬರದಿದ್ರ ಗೆರಿ ತುಂಡಾಗೇದ. ನನ್ನ ಬೋರ್ಡಿನಾಗ ಕಣ್ಣಿಗೆ ಛಲೋ ಕಾಣ್ತಿದ್ದ ಗೆರಿ ಹಸಿರು ಲೇಪದ ಕೆಳಗ ಪೂರಾ ತಿಂದುಹೋಗಿತ್ತು. ಕೂದಲೆಳಿಯಂಥ ತಾಮ್ರದ ತಂತಿ ಬೆಸೆದೆ, ನಡೀತು. ಸಾಕೆಟ್‌ಗೆ 5 ವೋಲ್ಟ್ ಬರದಿದ್ರ ಪಕ್ಕದ ಸಣ್ಣ ಫ್ಯೂಸ್ ಹೋಗಿರಬಹುದು, ಅದು ರೆಸಿಸ್ಟರ್ ಥರಾನೇ ಕಾಣ್ತದ.

ಹಳೇ ಬ್ಯಾಟರಿ ಬದಲಿಗೆ ನಾಣ್ಯದಂಥ ಸಿಆರ್2032 ಸೆಲ್ ಹಾಕಿದ್ರ ನಡುವೆ ಡಯೋಡ್ (ಕರೆಂಟ್ ಒಂದೇ ದಿಕ್ಕಿಗೆ ಬಿಡೋದು) ಇರಲೇಬೇಕು. ಬೋರ್ಡು ಚಾರ್ಜ್ ಕಳಿಸ್ತದ, ಆ ಸೆಲ್ ಅದನ್ನ ತಡಕೊಳ್ಳಂಗಿಲ್ಲ. ಕಡೀಗೆ ಬೋರ್ಡಿಗೆ ಕರೆಂಟ್ ಕೊಡೋ ಪವರ್ ಪ್ಲಗ್ ಎರಡೂ ಚುಚ್ಚುವಾಗ ಕರಿ ವೈರ್‌ಗಳು ನಡುವೆ ಜೋಡಿ ಬರ್ಲಿ.