ತಳದಲ್ಲಿ 7 ಅಂತ ಇರುವ ಹಳೇ ನೀರಿನ ಬಾಟಲಿ ಮಬ್ಬಾಗಿದೆ, ಬಳಸಬಹುದಾ?

ಅದು ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್ ಇರಬೇಕು. ಗಾಜಿನ ಹಾಗೆ ಗಟ್ಟಿಯಾಗಿದ್ದ ಬಾಟಲಿ ಬಿಸಿನೀರು, ಸೋಪಲ್ಲಿ ತೊಳೆದು ತೊಳೆದು ಹೀಗೆ ಮಬ್ಬಾಗುತ್ತದೆ, ಕೂದಲೆಳೆಯಂಥ ಬಿರುಕು ಬಿಡುತ್ತದೆ. ಆದರೆ 7 ಅಂದರೆ ‘ಇತರೆ’ ಪ್ಲಾಸ್ಟಿಕ್ ಅಂತ ಅಷ್ಟೇ. ಅದೊಂದನ್ನೇ ನೋಡಿ ಖಚಿತವಾಗಿ ಹೇಳಲಾಗದು.

ಮೊದಲು ಅದಕ್ಕೆ ಬಿಸಿ ಹಾಕುವುದನ್ನು ನಿಲ್ಲಿಸಿ. ಪಾಲಿಕಾರ್ಬೊನೇಟ್ ಆಗಿದ್ದರೆ ಬಿಸಿಗೆ ಬಿಪಿಎ ಅನ್ನುವ ರಾಸಾಯನಿಕ ಜಾಸ್ತಿ ಬಿಡುತ್ತದೆ. ಆಮೇಲೆ ತಳದಲ್ಲಿ ‘ಪಿಸಿ’ (PC, ಅಂದರೆ ಪಾಲಿಕಾರ್ಬೊನೇಟ್) ಅಂತ ಇದೆಯಾ ನೋಡಿ. ಇದ್ದರೆ ಕುಡಿಯಲು ಬೇಡ, ಗಿಡಕ್ಕೆ ನೀರು ಹಾಕಲು ಇಟ್ಟುಕೊಳ್ಳಿ (ನಾನೂ ಅದನ್ನೇ ಮಾಡಿದ್ದು). ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಬಿಪಿಎಯ ದಿನದ ಮಿತಿಯನ್ನು 20,000 ಪಟ್ಟು ಇಳಿಸಿದ್ದು ಸುಮ್ನೆ ಅಲ್ವಲ್ಲ. ಹೊಸದು ಕೊಳ್ಳುವಾಗ ‘ಬಿಪಿಎ ಇಲ್ಲ’ ಎಂಬ ಚೀಟಿಗೇ ಮರುಳಾಗಬೇಡಿ, ಅದರ ನೆಂಟ ಬಿಪಿಎಸ್ ಇರಬಹುದು. ಸ್ಟೀಲ್ ಅಥವಾ ಗಾಜಿನದು ತಗೊಳ್ಳಿ.