ಹಳೇ ಮನೆ ಅಡುಗೆಮನೆ ನೆಲ ಕೀಳ್ಬೇಕಾ, ಮೇಲೇ ಟೈಲ್ಸ್ ಹಾಕ್ಬೇಕಾ?

ಪ್ರಶ್ನೆ: ನಮ್ದು ಸೋಮವಾರಪೇಟೆ ಕಡೆ ತಾತನ ಕಾಲದ ಹೆಂಚಿನ ಮನೆ. ಅಡುಗೆಮನೆ ರೆಡ್ ಆಕ್ಸೈಡ್ ನೆಲ ಒಲೆ ಹತ್ರ ಬಿರುಕು ಬಿಟ್ಟಿದೆ, ಮಳೆಗಾಲದಲ್ಲಿ ಕಾಲಿಟ್ರೆ ತಂಡಿ. ಮೇಸ್ತ್ರಿ ಹಳೇದ್ರ ಮೇಲೇ ಟೈಲ್ಸ್ ಅಂಟಿಸೋಣ ಅಂತಾರೆ. ಮಾಡಿಸ್ಬಹುದಾ ಸರ್?

ಉತ್ತರ: ಈಗ್ಲೇ ಒಪ್ಕೋಬೇಡಿ, ಮೊದ್ಲು ಆ ತಂಡಿ ಎಲ್ಲಿಂದ ಬರ್ತಿದೆ ಅಂತ ನೋಡಿ. ಜೋರು ಮಳೆ ದಿನ ಒಂದು ಅಡಿ ಅಗಲದ ಪ್ಲಾಸ್ಟಿಕ್ ಶೀಟನ್ನ ನೆಲಕ್ಕೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, 24 ಗಂಟೆ ಬಿಟ್ಟು ತೆಗೀರಿ. ಶೀಟಿನ ಅಡಿಗೆ ನೀರಿನ ಹನಿ ಕಂಡ್ರೆ ಮಣ್ಣಿಂದ ತೇವ ಏರ್ತಿದೆ ಅಂತ ಅರ್ಥ, ಮೇಲ್ಗಡೆ ಮಾತ್ರ ಒದ್ದೆ ಇದ್ರೆ ಅದು ಗಾಳಿಯ ತೇವ, ಕಿಟಕಿ ತೆಗೆದು ಗಾಳಿ ಆಡೋ ಹಾಗೆ ಮಾಡಿದ್ರೆ ಬಹಳಷ್ಟು ಕಮ್ಮಿ ಆಗುತ್ತೆ.

ಮಣ್ಣಿಂದ ಬರ್ತಿದ್ರೆ ಮೇಲೆ ಟೈಲ್ಸ್ ಹಾಕ್ಬೇಡಿ, ತೇವ ಗೋಡೆ ಕಡೆ ತಿರುಗುತ್ತೆ, ಹಳೇ ಮಣ್ಣಿನ ಗೋಡೆ ಆದ್ರಂತೂ ಕಷ್ಟ. ನಮ್ಮೂರ ಕಡೆ ಮನೆ ಹಿಂದೆ ಬರೆ, ಅಂದ್ರೆ ಗುಡ್ಡ ಕಡಿದ ಮಣ್ಣಿನ ದಿಬ್ಬ, ಇರುತ್ತಲ್ಲ, ಅದ್ರ ಬುಡದ ಚರಂಡಿ ಅಡುಗೆಮನೆ ನೆಲಕ್ಕಿಂತ ತಗ್ಗಲ್ಲಿದ್ಯಾ ನೋಡಿ, ಅದು ಸರಿ ಇಲ್ದೆ ಒಳಗೆ ಎಷ್ಟು ಖರ್ಚು ಮಾಡಿದ್ರೂ ವೇಸ್ಟು. ಆಮೇಲೆ ನೆಲ ಕಿತ್ತು, ಮಣ್ಣು ಚೆನ್ನಾಗಿ ದಮ್ಮಸ್ ಮಾಡಿ (ಕುಟ್ಟಿ ಗಟ್ಟಿ ಮಾಡಿ), ಜಲ್ಲಿ, ಅದ್ರ ಮೇಲೆ ದಪ್ಪ ಪ್ಲಾಸ್ಟಿಕ್ ಶೀಟು, ಮೇಲೆ ಕಾಂಕ್ರೀಟ್.

ತೇವ ಇಲ್ಲ, ಕೋಲಲ್ಲಿ ತಟ್ಟಿದ್ರೆ ಟೊಳ್ಳು ಶಬ್ದಾನೂ ಬರಲ್ಲ ಅಂದ್ರೆ ಮಾತ್ರ ಮೇಸ್ತ್ರಿ ಹೇಳಿದ ಹಾಗೆ ಮಾಡ್ಸಿ, ಆದ್ರೆ ನೆಲ ಏರೋದ್ರಿಂದ ಬಾಗಿಲ ಕೆಳಗೆ ಕೊಯ್ಬೇಕಾಗುತ್ತೆ. ಹೊಳೆಯೋ ಟೈಲ್ಸ್ ಬೇಡ, ಮ್ಯಾಟ್ ತಗೊಳ್ಳಿ, ಒದ್ದೆ ಕಾಲಿಗೆ ಅಷ್ಟು ಜಾರಲ್ಲ. ಕೆಲ್ಸ ಕಾಫಿ ಕುಯ್ಲು ಮುಗಿದ್ಮೇಲೆ ಮಾರ್ಚಲ್ಲಿ ಶುರು ಮಾಡ್ಸಿ, ಜೂನ್ ಮಳೆಗೆ ಮುಂಚೆ ಕಾಂಕ್ರೀಟ್ ಒಣಗೋಕೆ ಟೈಮ್ ಸಿಗುತ್ತೆ.